ಎರಡು ಗಂಟೆಯ ಯಜಮಾನಿ

ನಾನು ಜೀವಮಾನದಲ್ಲಿ ಮೊಟ್ಟಮೊದಲ ಬಾರಿಗೆ ಚಾಕೊಲೇಟ್ ತಿಂದದ್ದು ಒಟ್ಟು ಐದು ಸಲ. ಐದು ಸಲವೂ ಎದುರಿಗೆ ಕ್ಯಾಮೆರಾ ಇತ್ತು. ಸಮುದ್ರದಾಚೆಯಿಂದ ಬರುವ ಚಾಕೊಲೇಟ್ ಕಂಪನಿಯವರಿಗೆ ಅದೊಂದು ಹುಚ್ಚು. ಕೋಕೋ ಬೆಳೆಯುವ ಪಾಪದ ಹೆಂಗಸು ಚಾಕೊಲೇಟಿನ ರುಚಿಯನ್ನೇ ಕಂಡಿರಬಾರದು, ನಾಲಿಗೆಗೆ ತಾಗಿದ ಕೂಡಲೇ ಅವಳ ಕಣ್ಣಲ್ಲಿ ನೀರು ಬರಬೇಕು. ತರಿಸಿಕೊಟ್ಟಿದ್ದೇನೆ. ಕುಮಾಸಿಯ ಅಂಗಡಿಗಳಲ್ಲಿ ಚಾಕೊಲೇಟ್ ರಾಶಿ ಬಿದ್ದಿರುತ್ತದೆ, ಪ್ರೇಮಿಗಳ ದಿನವನ್ನು ನಮ್ಮ ಘಾನಾ ಸರ್ಕಾರ ಚಾಕೊಲೇಟ್ ದಿನವೆಂದೇ ಸಾರಿದೆ ಎಂದೆಲ್ಲ ಹೇಳಿ, ಅಷ್ಟು ದೂರದಿಂದ ಬಂದವರ ಮನಸ್ಸು ಯಾಕೆ ಮುರಿಯಲಿ?

ಆರನೆಯ ಸಲ ಬಂದವಳು ಮಾರ್ಗಿಟ್. ಕರೆತಂದವನು ಬಫೋರ್, ನನ್ನ ಗಂಡನ ಅಕ್ಕನ ಮಗ. ಕುಮಾಸಿಯಲ್ಲಿರುತ್ತಾನೆ, ಇಂಗ್ಲಿಷ್ ಬಲ್ಲವನು. ಬೂಟಿಗೆ ಕೆಸರಾದೀತೆಂದು ತೋಟದ ಅಂಚಿನಲ್ಲೇ ನಿಲ್ಲುವ ಮಹಾಶಯ. ಆದರೇನು, ತೋಟ ಅವನಿಗೇ ಹೋಗುವುದು, ನನ್ನ ಗಂಡ ಕಣ್ಣು ಮುಚ್ಚಿದ ದಿನ. ನಮ್ಮದು ಅಳಿಯಸಂತಾನ. ಗಂಡಸಿನ ಆಸ್ತಿ ಅವನ ಅಕ್ಕತಂಗಿಯರ ಮಕ್ಕಳಿಗೆ, ಹೆಂಡತಿಗೆ ಉಟ್ಟುಕೊಂಡು ಅಳಲು ಒಂದು ಕರಿ ಬಟ್ಟೆ. ಕಾನೂನು ಬೇರೇನೋ ಹೇಳುತ್ತದಂತೆ. ಆ ಕಾನೂನು ಅಕ್ರಾದಿಂದ ನಮ್ಮೂರಿನ ಬಸ್ಸು ಇನ್ನೂ ಹತ್ತಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಈ ತೋಟದ ಜಾಗದಲ್ಲಿ ಕಾಡಿತ್ತು. ದೊಡ್ಡ ಮರಗಳನ್ನು ಕಡಿದದ್ದು ನನ್ನ ಗಂಡ ಅಡೊಮಾಕೊ, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವರ ಸೊಂಟ ಹಿಡಿಯಿತು, ಇಂದಿಗೂ ಬಿಟ್ಟಿಲ್ಲ. ಬಾಳೆ ನೆಟ್ಟು, ಅದರ ನೆರಳಲ್ಲಿ ಒಂದೊಂದೇ ಕೋಕೋ ಬೀಜ ಊರಿ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹೊಳೆಯಿಂದ ನೀರು ಹೊತ್ತವಳು ನಾನು. ಸುಗ್ಗಿ ಮುಗಿದಾಗೆಲ್ಲ ಅವರು, "ಮುಂದಿನ ವರ್ಷ ಈ ತೋಟ ನಿಂಗೇ ಕೊಟ್ಬಿಡ್ತೀನಿ ಕಣೆ" ಎನ್ನುತ್ತಿದ್ದರು. ಅಕ್ಕನ ಮುಖ ಕಂಡ ಕೂಡಲೇ ಮುಂದಿನ ವರ್ಷ ಇನ್ನೂ ಮುಂದಕ್ಕೆ ಓಡುತ್ತಿತ್ತು. ಈ ವರ್ಷ ಅವರು ಎದೆನೋವೆಂದು ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿ ಬಂದರು. ನನಗೆ ಅನ್ನ ನೀರು ಸೇರದಾಗಿತ್ತು.

"ಏನೇ ನನ್ನ ಹೆಂಡ್ತಿ, ಚೆನ್ನಾಗಿದೀಯಾ?" ಎನ್ನುತ್ತಲೇ ಬಫೋರ್ ಬಂದ. ಮಾವನ ಆಸ್ತಿಯ ಜೊತೆ ಮಾವನ ಹೆಂಡತಿಯೂ ಅಳಿಯನಿಗೇ ಎಂಬುದು ನಮ್ಮವರ ಹಳೇ ತಮಾಷೆ.

"ಇದೀನಪ್ಪ. ಮೊದಲು ನಿನ್ನ ಹೊಟ್ಟೆ ಒಳಗೆ ಬರಲಿ, ಹಿಂದಿಂದ ನೀನು ಬಾ," ಎಂದೆ.

ಈ ಸಲ ಕಂಪನಿಗೆ ಬರೀ ಅಳುವ ಹೆಂಗಸು ಸಾಲದಂತೆ. ಸ್ವಂತ ತೋಟವಿರುವ ಹೆಂಗಸೇ ಬೇಕಂತೆ. ಅಂಥವಳು ಸಿಕ್ಕಿದರೆ ಊರಿಗೊಂದು ಕೊಳವೆಬಾವಿ, ಹುಡುಕಿಕೊಟ್ಟ ಪುಣ್ಯಾತ್ಮನಿಗೊಂದು ಮೋಟರ್‌ಸೈಕಲ್ಲು.

"ಎರಡೇ ಗಂಟೆ ಅತ್ತೆ," ಎಂದ ಬಫೋರ್. "ತೋಟ ನಿನ್ನದು ಅಂತ ಮಾವ ಎಲ್ಲರ ಮುಂದೆ ಹೇಳ್ತಾರೆ, ನೀನು ನಗ್ತಾ ನಿಂತ್ಕೋ. ಅವರು ಕಾರು ಹತ್ತಿದ ಮೇಲೆ ಎಲ್ಲ ಮೊದಲಿನ ಹಾಗೇ."

"ಎಲ್ಲರ ಮುಂದೆ ಅಂದ್ರೆ ಯಾರ ಮುಂದೆ?"

"ಮನೆತನದ ಹಿರಿಯರು ನಾನಾ ಒಡುರೋ, ನಮ್ಮಮ್ಮ, ಅಕ್ಕಪಕ್ಕದವರು. ಕ್ಯಾಮೆರಾಗೆ ಜನ ತುಂಬಿರ್ಬೇಕು."

"ಅಯ್ಯೋ, ನಾಟಕ ಗೀಟಕ ನಂಗೆಲ್ಲಿ ಬರತ್ತಪ್ಪ," ಎಂದೆ.

ಮಾರ್ಗಿಟ್ ಒಳ್ಳೆಯವಳೇ. ಆದರೆ ನಮ್ಮ ತೋಟ ಅವಳಿಗೆ ಹೆಜ್ಜೆಹೆಜ್ಜೆಗೂ ನಿರಾಸೆ ಮಾಡಿತು. ಹೂವು ಕೊಂಬೆಯ ತುದಿಯಲ್ಲಿರಬೇಕಿತ್ತಂತೆ, ಇಲ್ಲಿ ನೋಡಿದರೆ ಕಾಂಡಕ್ಕೇ ಅಂಟಿಕೊಂಡಿವೆ, ಉಗುರಿನಷ್ಟು. ಜೇನು ಎಲ್ಲಿ ಎಂದಳು. ಜೇನಲ್ಲ ತಾಯಿ, ಸೊಳ್ಳೆಗಿಂತ ಚಿಕ್ಕದೊಂದು ನುಸಿ, ಅದು ಮನಸ್ಸು ಮಾಡಿದರೆ ಕಾಯಿ, ಇಲ್ಲದಿದ್ದರೆ ಸಾವಿರ ಹೂವೂ ಉದುರಿ ಮಣ್ಣು ಎಂದೆ. ಜಗತ್ತಿನ ಪ್ರೇಮಿಗಳೆಲ್ಲ ನುಸಿಯ ಹಂಗಿನಲ್ಲಿದ್ದಾರೆಂಬುದು ಅವಳಿಗೆ ರುಚಿಸಲಿಲ್ಲ. ಕಾಯಿ ಒಡೆದು ಕೊಟ್ಟೆ. ಒಳಗೆ ನಲವತ್ತು ಬೀಜ, ಮೇಲೆ ಬಿಳಿ ತಿರುಳು. ತಿರುಳು ಚೀಪಿ ಆಹಾ ಎಂದಳು, ಬೀಜ ಕಚ್ಚಿ ಥೂ ಎಂದಳು.

"ಇದು ಚಾಕೊಲೇಟ್ ಥರ ಇಲ್ವಲ್ಲ ಅಂತಿದಾಳೆ," ಎಂದ ಬಫೋರ್.

"ಹುಟ್ಟಿದ ಕೂಡಲೇ ಇವಳೂ ಇವಳ ಥರ ಇರಲಿಲ್ಲ ಅಂತ ಹೇಳು."

ಬಾಳೆ ಎಲೆ ಮುಚ್ಚಿ ಆರು ದಿನ ಹುಳಿಯಲು ಬಿಟ್ಟ ಬೀಜದ ರಾಶಿಯ ಬಳಿ ಮೂಗು ಮುಚ್ಚಿಕೊಂಡಳು. ಹುಳಿಯದ ಬೀಜದಲ್ಲಿ ಚಾಕೊಲೇಟಿನ ಘಮ ಹುಟ್ಟುವುದೇ ಇಲ್ಲವೆಂದರೆ ನಂಬಲಿಲ್ಲ. ಕೊನೆಗೆ, ಇವು ನಿಮ್ಮ ಸಾವಿರಾರು ವರ್ಷದ ಪೂರ್ವಜರ ಮರಗಳಲ್ಲವೇ ಎಂದು ಕೇಳಿದಳು. ಕೋಕೋದ ತವರು ಕಡಲಾಚೆಯ ಅಮೆರಿಕ, ನೂರೈವತ್ತು ವರ್ಷದ ಹಿಂದೆ ಒಬ್ಬ ಕಮ್ಮಾರ ಪಕ್ಕದ ದ್ವೀಪದಿಂದ ಒಂದು ಹಿಡಿ ಬೀಜ ತಂದ, ಅಷ್ಟೇ ಎಂದೆ. ಬಫೋರ್ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ಸಾವಿರಾರು ವರ್ಷವೆಂದೇ ತಿರುಗಿಸಿರಬೇಕು, ಅವಳ ಮುಖ ಅರಳಿತು.

ಆಮೇಲೆ ಮುಖ್ಯ ದೃಶ್ಯ. ನಮ್ಮ ಅಂಗಳದ ಮಾವಿನ ಮರದಡಿ ಬೆಂಚು ಹಾಕಿದರು. ನಡುವೆ ನಾನಾ ಒಡುರೋ, ಪಕ್ಕದಲ್ಲಿ ಬಫೋರನ ತಾಯಿ. ನನ್ನ ಗಂಡ ಕೋಲೂರಿ ಎದ್ದು ನಿಂತು, ಹೇಳಿಕೊಟ್ಟದ್ದನ್ನು ಹೇಳಿದರು: "ಈ ತೋಟ ನನ್ನ ಹೆಂಡ್ತಿ ಫ್ರಿಮ್ಪೊಮಾಗೆ ಕೊಟ್ಟಿದೀನಿ." ಸ್ವಲ್ಪ ತಡೆದು, ಹೇಳಿಕೊಡದ ಒಂದು ಮಾತನ್ನೂ ಹೇಳಿದರು. "ಇವಳೇ ನೆಟ್ಟಿದ್ದು."

ಬಫೋರ್ ಎಲ್ಲವನ್ನೂ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಕೂಗಿದ. ಚಪ್ಪಾಳೆ ಬಿತ್ತು. "ನಗು ಅತ್ತೆ, ನಗು!" ಎಂದು ಪಿಸುಗುಟ್ಟಿದ. ನಾನು ನಗಲಿಲ್ಲ. ಒಳಗೆ ಹೋಗಿ ಶ್ನಾಪ್ಸ್ ಸಾರಾಯಿಯ ಬಾಟಲಿ, ಒಂದು ಗ್ಲಾಸು ತಂದೆ.

ನಮ್ಮಲ್ಲಿ ಕೊಟ್ಟೆ ಎಂಬ ಬಾಯಿಮಾತಿಗೆ ಕಿಲುಬು ಕಾಸಿನ ಬೆಲೆಯಿಲ್ಲ. ಪಡೆದವರು ನಾಲ್ಕು ಜನರೆದುರು ಉಪಕಾರ ನೆನೆದು ಸಾರಾಯಿ ಎರೆಯಬೇಕು, ಕೊಟ್ಟವನೂ ಅವನ ಮನೆತನದವರೂ ಅದನ್ನು ಕುಡಿಯಬೇಕು. ಕುಡಿದರೆ ಮುಗಿಯಿತು, ಕೊಟ್ಟದ್ದನ್ನು ಸತ್ತ ಮೇಲೂ ಹಿಂದಕ್ಕೆ ಕೇಳುವಂತಿಲ್ಲ. ತೊಟ್ಟಿಲ ಕೂಸಿಗೂ ಗೊತ್ತಿರುವ ವಿಷಯ. ಆದರೆ ಕ್ಯಾಮೆರಾ ಎದುರಿಗಿದ್ದರೆ ದೊಡ್ಡವರಿಗೂ ಮರೆಯುತ್ತದೆ.

"ಓ, ಸಂಪ್ರದಾಯ!" ಎಂದು ಮಾರ್ಗಿಟ್ ಕುಣಿದಳು. ಕ್ಯಾಮೆರಾದವನನ್ನು ಹತ್ತಿರ ತಳ್ಳಿದಳು.

ಮಂಡಿಯೂರಿ ಗ್ಲಾಸು ಗಂಡನ ಮುಂದೆ ಹಿಡಿದೆ. "ಕೊಟ್ಟಿದ್ದಕ್ಕೆ ನಿಮ್ಮ ಹೊಟ್ಟೆ ತಣ್ಣಗಿರಲಿ," ಎಂದೆ. ಅವರು ನನ್ನನ್ನು ನೋಡಿದರು, ಗ್ಲಾಸು ನೋಡಿದರು, ಅಕ್ಕನತ್ತ ನೋಡಿದರು. ಅಕ್ಕ ಕ್ಯಾಮೆರಾ ನೋಡುತ್ತ ತಲೆವಸ್ತ್ರ ಸರಿ ಮಾಡಿಕೊಳ್ಳುತ್ತಿದ್ದಳು. ಆಗ ನನ್ನ ಗಂಡ, ವರ್ಷಗಟ್ಟಲೆ ಮೀನಮೇಷ ಎಣಿಸಿದ ಮನುಷ್ಯ, ಒಂದೇ ಗುಟುಕಿಗೆ ಇಳಿಸಿಬಿಟ್ಟರು.

ನಾನಾ ಒಡುರೋ ಎರಡು ಹನಿ ನೆಲಕ್ಕೆ ಬಿಟ್ಟು, ಸತ್ತ ಹಿರಿಯರ ಹೆಸರು ಕರೆದು, ನಿಧಾನಕ್ಕೆ ಕುಡಿದರು. ಅವರ ಕಣ್ಣು ನೋಡಿದೆ, ಮುದುಕನಿಗೆ ಎಲ್ಲ ತಿಳಿದಿತ್ತು. ಬಫೋರನ ತಾಯಿ ಕ್ಯಾಮೆರಾಗೆ ಮುಖ ಕೊಟ್ಟು ಕುಡಿದಳು. ಬಫೋರನಿಗೆ ನಾನು ಕೊಡಲೇ ಇಲ್ಲ, ಅವನೇ ಕೈಚಾಚಿದ. "ನಂಗೂ ಒಂಚೂರು ಹಾಕು, ಬೆಳಗಿಂದ ಮಾತಾಡಿ ಮಾತಾಡಿ ಗಂಟಲು ಒಣಗಿದೆ." ತುಂಬ ಹಾಕಿದೆ.

ಕಾರು ಹೋಯಿತು. ಬಫೋರ್ ಮೈಮುರಿದು, "ಸರಿ ನನ್ನ ಹೆಂಡ್ತಿ, ನಿನ್ನ ಯಜಮಾನಿಕೆ ಮುಗೀತು," ಎಂದ.

"ಏನೋ ಮುಗಿದಿದ್ದು?" ಎಂದರು ನಾನಾ ಒಡುರೋ.

"ಅದು ನಾಟಕ ಅಲ್ವಾ ನಾನಾ!"

"ಹಿರಿಯರನ್ನ ಕರೆದಿದ್ದು ನಾಟಕಾನಾ? ನೀನು ಕುಡಿದಿದ್ದು ನಾಟಕಾನಾ? ಹಾಗಾದ್ರೆ ಉಗುಳೋ, ನೋಡೋಣ."

ಬಫೋರನ ತಾಯಿ ನನ್ನ ವಂಶವನ್ನೆಲ್ಲ ಜಾಲಾಡಿ, ಮಗನ ತಲೆಗೂ ಎರಡು ಮೊಟಕಿ, ದಾಪುಗಾಲಿಡುತ್ತ ಹೊರಟಳು. ಮಗ ಹಿಂದೆ ಹೋದ.

ನಾನಾ ಒಡುರೋ, ಅಕ್ಕಪಕ್ಕದವರು ಎಲ್ಲ ಹೋದ ಮೇಲೆ ಅಂಗಳದಲ್ಲಿ ನಾವಿಬ್ಬರೇ ಉಳಿದೆವು. ನನ್ನ ಗಂಡ ಖಾಲಿ ಬಾಟಲಿಯ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಅದರ ಅಕ್ಷರಗಳೆಲ್ಲ ಅಳಿಸಿಹೋಗಿದ್ದವು.

"ಇದನ್ನ ಯಾವಾಗ ತಂದಿಟ್ಟಿದ್ದೆ?"

"ನೀವು ಮೊದಲ ಸಲ ಮುಂದಿನ ವರ್ಷ ಕೊಡ್ತೀನಿ ಅಂದಿರಲ್ಲ, ಆ ವಾರ." ಅಳು ಒತ್ತರಿಸಿ ಬಂತು. "ಹದಿನೆಂಟು ವರ್ಷ ಆಯ್ತು. ನಿಮಗೆ ಜ್ವರ ಬಂದಾಗೆಲ್ಲ ಹೆದರ್ತಿದ್ದೆ ಕಣ್ರೀ. ನೀವು ಸಾಯ್ತೀರಿ ಅಂತಲೋ, ಕೊಡದೇ ಸಾಯ್ತೀರಿ ಅಂತಲೋ, ನಂಗೇ ಗೊತ್ತಾಗ್ತಿರಲಿಲ್ಲ."

ಅವರು ಬಾಟಲಿಯನ್ನು ಬೆಂಚಿನ ಮೇಲಿಟ್ಟರು. "ಈಗ ಸಾಯಬಹುದಾ?" ಎಂದರು.

"ಈಗ ಬೇಡ," ಎಂದೆ. "ನನ್ನ ತೋಟದಲ್ಲಿ ಕೆಲಸ ಬಿದ್ದಿದೆ."

ಅವರು ಕೋಲು ಹುಡುಕಿಕೊಂಡು ಎದ್ದರು.