ಬಳುವಳಿ ಕಂಪ್ಯೂಟರ್

ಮರಳವಾಡಿಯ ಬೈರಪ್ಪನಿಗೆ ರಾಮನಗರ ಹೊಸ ಊರೇನಲ್ಲ. ಅಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಅವನು ಯಾರ ಮಾತಿಗೂ ಬಗ್ಗುವ ಆಸಾಮಿಯಲ್ಲ. ಹರಾಜಿನ ರೇಟು ಮನಸ್ಸಿಗೆ ಬರದಿದ್ದರೆ ಮುಖಕ್ಕೆ ಹೊಡೆದ ಹಾಗೆ ಬೇಡ ಎಂದು ಹೇಳಿ, ಟವೆಲ್ ಹಾಸಿ ಮುಂದಿನ ಸುತ್ತಿಗೆ ಕಾಯುತ್ತಾ ಕೂರುವವನು. ಅಂಥವನು ಈ ದಿನ ಅದೇ ಊರಿನ ಐಜೂರು ಬಡಾವಣೆಯ ಮುಜೀಬನ ಕಂಪ್ಯೂಟರ್ ಅಂಗಡಿಯಲ್ಲಿ, ಹೆಣ್ಣು ನೋಡಲು ಬಂದ ಗಂಡಿನಂತೆ ಮಂಡಿ ಕೂಡಿಸಿಕೊಂಡು ಸ್ಟೂಲಿನ ಮೇಲೆ ಕೂತಿದ್ದ. ಎಡಕ್ಕೆ ಮಗಳು ದಿವ್ಯ. ಬಲಕ್ಕೆ ಭಾವಿ ಅಳಿಯ ದೀಪು. ಎದುರಿಗೆ ಗಾಜಿನ ಮೇಜಿನ ಮೇಲೆ ಡಬ್ಬಿಗಳ ಮೇಲೆ ಡಬ್ಬಿ.

ತಪ್ಪು ಅವನದೇ. ನಿಶ್ಚಿತಾರ್ಥದ ದಿನ ನಾಲ್ಕು ಜನರ ಮುಂದೆ ಎದ್ದು ನಿಂತು, "ಎಲ್ರೂ ಮಂಚ ಬೀರು ಕೊಡ್ತಾರೆ. ನಾನು ನನ್ ಮಗಳಿಗೆ ಬಳುವಳಿ ಅಂತ ಒಳ್ಳೇ ಕಂಪ್ಯೂಟರ್ ಕೊಡುಸ್ತೀನಿ" ಎಂದಿದ್ದ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಜನ ಭಲೇ ಎಂದಿದ್ದೇ ತಡ, ಬೀಗರ ಮೇಲೆ ಪ್ರೀತಿ ಉಕ್ಕಿ, "ಅಳಿಯಂದ್ರೇ ಬಂದು ಆರುಸ್ಲಿ, ಅವರಿಗೆ ಗೊತ್ತಾಯ್ತದೆ" ಎಂದು ಸೇರಿಸಿಬಿಟ್ಟ. ಆ ಹೊತ್ತಿನಲ್ಲಿ ಮಗಳ ಮುಖ ಹೇಗಿತ್ತು ಎಂದು ನೋಡಲಿಲ್ಲ. ಬೀಗರ ಮುಂದೆ ಮೀಸೆ ತಿರುವುವ ಗಂಡಸಿಗೆ ಮಗಳ ಮುಖ ಎಲ್ಲಿ ಕಾಣಬೇಕು!

ದಿವ್ಯಳ ಕೆಲಸ ಮದುವೆ ವಿಡಿಯೊ ಎಡಿಟಿಂಗ್. ಕನಕಪುರದ ಸ್ಟುಡಿಯೊದವರು ಹಾರ್ಡ್‌ಡಿಸ್ಕ್ ಕಳಿಸುತ್ತಾರೆ. ಇವಳು ಮನೆಯಲ್ಲೇ ಕೂತು, ಬೇಡದ್ದನ್ನು ಕತ್ತರಿಸಿ, ಬಣ್ಣ ಸರಿಮಾಡಿ, ಹಾಡು ಕೂಡಿಸಿ ವಾಪಸ್ ಕಳಿಸುತ್ತಾಳೆ. ಹಳೆಯ ಕಂಪ್ಯೂಟರ್, ವಿಡಿಯೊದಲ್ಲಿ ಮುಹೂರ್ತ ಬರುವ ಹೊತ್ತಿಗೆ ಸರಿಯಾಗಿ ನಿಂತುಹೋಗುತ್ತದೆ. ಆಗ ಅವಳು ಕೆನ್ನೆಗೆ ಕೈಹೊತ್ತು ಕೂರುವುದನ್ನು ಬೈರಪ್ಪ ಎಷ್ಟೋ ಸಲ ನೋಡಿದ್ದ. ನೋಡಿ ನೋಡಿಯೇ ಅವನಿಗೆ ಬಳುವಳಿಯ ಯೋಚನೆ ಬಂದದ್ದು.

"ಗೌಡ್ರೇ, ರೆಡಿಮೇಡ್ ಬೇಡ" ಎಂದ ಮುಜೀಬ್. "ಒಂದೊಂದೇ ಪಾರ್ಟ್ ಆರ‍್ಸಿ ಕೂಡ್ಸೋಣ. ಹೈಕ್ಲಾಸ್ ಮಿಷಿನ್ ಆಯ್ತದೆ."

"ಕೂಡ್ಸಿ ಕೂಡ್ಸಿ" ಎಂದ ಬೈರಪ್ಪ, ಏನನ್ನು ಕೂಡಿಸುವುದೋ ತಿಳಿಯದೆ.

ಮುಜೀಬ್ ಒಂದು ಪುಟ್ಟ ಡಬ್ಬಿ ಇಟ್ಟು, ಇದು ಪ್ರೊಸೆಸರ್, ಕಂಪ್ಯೂಟರಿನ ಮಿದುಳು ಎಂದ. ಒಳಗಿದ್ದದ್ದು ಬಿಸ್ಕತ್ತಿನ ತುಂಡಿನಷ್ಟು. ರೇಟು ಕೇಳಿ ಬೈರಪ್ಪ ಕಣ್ಣು ಕಣ್ಣು ಬಿಟ್ಟ. ಆಮೇಲೆ ಎಲ್ಲವನ್ನೂ ಒಳಗಿಡುವ ಪೆಟ್ಟಿಗೆ ಬಂತು. ಒಂದು ಕುರಿಮರಿ ಆರಾಮಾಗಿ ಮಲಗಬಹುದು, ಅಷ್ಟು ದೊಡ್ಡದು. ಅದು ಮಿದುಳಿಗಿಂತ ಎಷ್ಟೋ ಅಗ್ಗ.

"ಅಂಗಾರೆ ದೊಡ್ಡದು ಅಗ್ಗ, ಸಣ್ಣದು ದುಬಾರಿನಾ?"

"ಎಲ್ಲಾ ಹಂಗೇ ಅಂತೇನಿಲ್ಲ ಗೌಡ್ರೇ" ಎಂದು ಮುಜೀಬ್ ಇಟ್ಟಿಗೆಯಂಥ ಇನ್ನೊಂದನ್ನು ಎತ್ತಿಟ್ಟ. "ಇದು ಗ್ರಾಫಿಕ್ಸ್ ಕಾರ್ಡ್. ಇದು ದೊಡ್ಡದೂ ಹೌದು, ದುಬಾರೀನೂ ಹೌದು."

ಬೈರಪ್ಪನ ಲೆಕ್ಕವೆಲ್ಲ ತಲೆಕೆಳಗಾಯಿತು. ದೀಪು ಮಾತ್ರ ಆ ಕಾರ್ಡನ್ನು ಎಳೆಗೂಸನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡ.

"ಮಾವ, ಇದೊಂದು ದೊಡ್ಡದು ಹಾಕ್ಸಿ ಸಾಕು. ಮಾನಿಟರ್ ಸ್ಪೀಡಿರ‍್ಬೇಕು. ಆಗ ಗೇಮು ಬೆಣ್ಣೆ ತರ ಓಡ್ತದೆ."

"ನಂಗೆ ರ‍್ಯಾಮ್ ಜಾಸ್ತಿ ಬೇಕು" ಎಂದಳು ದಿವ್ಯ, ಮೇಜನ್ನು ನೋಡುತ್ತಾ. "ಮೂರು ಕ್ಯಾಮೆರಾದ ವಿಡಿಯೊ ಒಟ್ಟಿಗೆ ಹಾಕುದ್ರೆ ಈಗಿಂದು ನಿಂತೋಯ್ತದೆ. ಸ್ಪೀಡಾಗಿರೋ ಡ್ರೈವ್ ಎರಡು ಬೇಕು. ಮಾನಿಟರ್ ಬಣ್ಣ ಸರಿಯಾಗಿ ತೋರಿಸ್ಬೇಕು. ಹೋದ್ ಸಲ ಕೆಂಪು ಧಾರೆ ಸೀರೆ ಕಿತ್ತಳೆ ಬಣ್ಣ ಕಾಣ್ತದೆ ಅಂತ ಹುಡುಗಿ ಕಡೆಯವ್ರು ಸ್ಟುಡಿಯೊ ಮುಂದೆ ಜಗಳಕ್ಕೇ ನಿಂತಿದ್ರು."

ಧಾರೆ ಸೀರೆಯ ಮಾತು ಬೈರಪ್ಪನಿಗೆ ಅರ್ಥವಾಯಿತು. ಉಳಿದದ್ದು ಕೋಣನ ಮುಂದೆ ಕಿನ್ನರಿ.

"ರ‍್ಯಾಮ್ ರೇಟು ಈಗ ಚಿನ್ನದ ಜೊತೆ ಪೈಪೋಟಿಗೆ ಬಿದ್ದೈತೆ" ಎಂದ ಮುಜೀಬ್. "ನೀವು ಹೇಳಿರೋ ದುಡ್ನಾಗೆ ಎರಡೂ ಆಗಕಿಲ್ಲ ಗೌಡ್ರೇ. ಆ ಕಾರ್ಡ್ ಹಾಕುದ್ರೆ ಮಿಕ್ಕಿದ್ದೆಲ್ಲ ಇಳಿಸ್ಬೇಕು. ಮಿಕ್ಕಿದ್ದು ಏರ‍್ಸುದ್ರೆ ಕಾರ್ಡ್ ಇಳಿಸ್ಬೇಕು. ಒಂದ್ ಮಾತು ಹೇಳ್ಬುಡಿ. ಗೇಮಿಂಗಾ, ಎಡಿಟಿಂಗಾ?"

"ಗೇಮಿಂಗ್" ಎಂದ ದೀಪು.

"ಎಡಿಟಿಂಗ್" ಎಂದಳು ದಿವ್ಯ.

ಎರಡು ಮಾತೂ ಒಟ್ಟಿಗೇ ಬಿದ್ದವು. ಇಬ್ಬರೂ ಬೈರಪ್ಪನ ಕಡೆ ತಿರುಗಿದರು. ಅವನು ಟವೆಲಿನಿಂದ ಮುಖ ಒರೆಸಿಕೊಂಡ. ಒರೆಸಿಕೊಳ್ಳಲು ಬೆವರೇನೂ ಇರಲಿಲ್ಲ, ಅಂಗಡಿಯಲ್ಲಿ ಏಸಿ ಇತ್ತು. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

"ಇದುಕ್ಕೆ ಕರೆಂಟ್ ಎಷ್ಟ್ ಎಳೀತದೆ?" ಎಂದು ಕೇಳಿದ, ತಪ್ಪಿಸಿಕೊಳ್ಳಲು. ಮುಜೀಬ್ ಪವರ್ ಸಪ್ಲೈ ತೋರಿಸಿ ವ್ಯಾಟಿನ ಲೆಕ್ಕ ಹೇಳಿದ. ಕೊನೆಗೂ ಪರಿಚಯದ ಮುಖ ಕಂಡಂತಾಗಿ ಬೈರಪ್ಪ, ಎಚ್‌ಪಿ ಎಷ್ಟಾಗುತ್ತದೆ ಎಂದು ವಿಚಾರಿಸಿ, ಮರಳವಾಡಿಯ ವೋಲ್ಟೇಜು, ಸುಟ್ಟುಹೋದ ತನ್ನ ಬೋರ್ ಮೋಟರು, ರಿವೈಂಡಿಂಗ್ ಮಾಡುವವನ ಮೋಸ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ಮಾತು ಮುಗಿದಾಗಲೂ ಇಬ್ಬರೂ ಅವನನ್ನೇ ನೋಡುತ್ತಿದ್ದರು.

ಆಗ ಅವನಿಗೆ ಒಂದು ಸಾದಾ ಸಂದೇಹ ಬಂತು. "ಅಲ್ಲಾ, ನೀವಿಬ್ರೂ ಒಂದೇ ಹೊತ್ಗೆ ಕೂರ‍್ಬೇಕು ಅಂದ್ರೆ ಏನ್ ಮಾಡೀರಿ?"

ದೀಪು ನಕ್ಕ. "ಅದೇನ್ ದೊಡ್ ಮಾತು ಮಾವ. ಬಿಡದಿ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಬಂದ್ರೆ ನಾನು ಆಡ್ತೀನಿ. ನಾನು ಡ್ಯೂಟಿಗೆ ಹೋದಾಗ ಅಡುಗೆ ಗಿಡುಗೆ ಮುಗಿಸ್ಕಂಡು ಅವಳು ಮಾಡ್ಕಳ್ಲಿ. ಅಷ್ಟಕ್ಕೂ ಮದ್ವೆ ಆದ್ಮೇಲೆ ಈ ಕೆಲಸ ನಡೀತದೋ ಇಲ್ವೋ."

ಹುಡುಗ ಕೆಟ್ಟವನಲ್ಲ. ಮಳೆ ಬರುತ್ತದೋ ಇಲ್ಲವೋ ಎನ್ನುವಷ್ಟೇ ಹಗುರವಾಗಿ ಹೇಳಿದ. ಆದರೆ ದಿವ್ಯ ಕೈಯಲ್ಲಿದ್ದ ರ‍್ಯಾಮಿನ ಡಬ್ಬಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಈ ಸಲ ಬೈರಪ್ಪ ಮಗಳ ಮುಖ ನೋಡಿದ. ಮಗಳ ಕೆಲಸ ನಿಲ್ಲದಿರಲಿ ಎಂದು ಕೊಡಿಸಲು ಬಂದ ವಸ್ತು ಅವಳ ಕೆಲಸವನ್ನೇ ನುಂಗಿಹಾಕುವ ಹಾಗೆ ಕಂಡಿತು.

"ಅಂಗಾರೆ... ಎಡಿಟಿಂಗ್‌ದೇ ಹಾಕ್ಬುಡಿ ಮುಜೀಬಣ್ಣ" ಎಂದ.

ದೀಪು ಕಾರ್ಡನ್ನು ಕೆಳಗಿಟ್ಟ. "ಆಯ್ತು ಮಾವ" ಎಂದು ಬಾಗಿಲು ತಳ್ಳಿಕೊಂಡು ಹೊರಗೆ ಹೋದ.

ಅಳಿಯ ಮುನಿಸಿಕೊಂಡು ಎದ್ದುಹೋಗುವುದೆಂದರೇನು! ಲಗ್ನಪತ್ರಿಕೆ ಹಂಚಿಯಾಗಿದೆ, ಛತ್ರಕ್ಕೆ ಮುಂಗಡ ಹೋಗಿದೆ. ಬೈರಪ್ಪ ಟವೆಲ್ ಹೆಗಲಿಗೆ ಎಸೆದುಕೊಂಡು ಅವನ ಹಿಂದೆಯೇ ಓಡಿದ.

ದೀಪು ರಸ್ತೆಯಾಚೆ ಎಳನೀರಿನ ಗಾಡಿಯ ಹತ್ತಿರ ನಿಂತಿದ್ದ. ಕಣ್ಣು ಕೆಂಪಾಗಿತ್ತು. ಅದನ್ನು ಕಂಡು ಬೈರಪ್ಪನಿಗೆ ಇನ್ನಷ್ಟು ಗಲಿಬಿಲಿಯಾಯಿತು. ಸಿಟ್ಟಿಗಾದರೆ ಸಮಾಧಾನ ಹೇಳಬಹುದು, ಇದಕ್ಕೇನು ಹೇಳುವುದು?

"ಸಿಟ್ಟಿಲ್ಲ ಮಾವ" ಎಂದ ದೀಪು. "ಆಸೆ, ಅಷ್ಟೇಯ. ಹೈಸ್ಕೂಲಿಂದ ಆಸೆ. ಬೇರೆಯೋರ ಮನೇಲಿ, ಅವರು ಆಡೋದನ್ನ ಹಿಂದೆ ನಿಂತ್ಕಂಡು ನೋಡ್ತಿದ್ದೆ. ಕೆಲಸ ಸಿಕ್ಕಿದ್ಮೇಲೆ ತಗೋಳಣ ಅಂದ್ರೆ ಮನೆ ಕಟ್ಟಿಸೋದು ಬಂತು, ತಂಗಿ ಮದ್ವೆ ಬಂತು. ನೀವು ಅವತ್ತು ಕಂಪ್ಯೂಟರ್ ಅಂದಾಗ ನಂಗೆ ನಿದ್ದೇನೇ ಬರ‍್ಲಿಲ್ಲ."

ಬೈರಪ್ಪನಿಗೆ ಹುಡುಗನ ಮೇಲೆ ಕನಿಕರ ಉಕ್ಕಿತು. ಇವನದೂ ಸರಿ, ಅವಳದೂ ಸರಿ. ಇಬ್ಬರದೂ ಸರಿಯಾದರೆ ತಪ್ಪಿರುವುದು ಎಲ್ಲಿ? ಗೂಡಿನ ಮಾರುಕಟ್ಟೆಯಲ್ಲಿ ಇಂಥ ಪೇಚಿಲ್ಲ. ಅಲ್ಲಿ ಒಬ್ಬ ಕೊಳ್ಳುವವನು, ಒಬ್ಬ ಮಾರುವವನು, ಮುಗಿಯಿತು. ಯೋಚಿಸಲಾರದೆ, ಅಥವಾ ಯೋಚಿಸಲು ಹೆದರಿ, ಅವನು ಸುಲಭದ ದಾರಿ ಹಿಡಿದ. ಹೆಣ್ಣು ಹೆತ್ತವರು ತಲೆತಲಾಂತರದಿಂದ ಹಿಡಿದ ದಾರಿ.

"ಬುಡಿ ಅಳಿಯಂದ್ರೆ, ನಿಮ್ಮಿಷ್ಟದ್ದೇ ಆಗ್ಲಿ. ಅವಳಿಗೆ ನಾನು ಹೇಳ್ತೀನಿ" ಎಂದು ಎಳನೀರು ಕುಡಿಸಿ ಒಳಗೆ ಬಂದ.

ದಿವ್ಯ ಸ್ಟೂಲಿನ ಮೇಲೇ ಕೂತಿದ್ದಳು. ಬೈರಪ್ಪ ಅವಳ ಪಕ್ಕ ಬಗ್ಗಿ, ಮುಜೀಬನಿಗೆ ಕೇಳದ ಹಾಗೆ ಹೇಳಿದ. "ಮಗ, ಒಸಿ ಸೈರಿಸ್ಕೋ. ಹುಡುಗ ನೊಂದ್ಕಂಡವ್ನೆ. ಅವನು ಹೇಳಿದ್ದೇ ತಗೋಳಣ. ನೀನೂ ಅದ್ರಲ್ಲೇ ಎಂಗೋ ಮಾಡ್ಕಂಡು ಹೋಗು."

ಅವಳು ಅಳುತ್ತಾಳೆ ಎಂದುಕೊಂಡಿದ್ದ. ಅಳಲಿಲ್ಲ.

"ಬೇಡಪ್ಪ. ಕಂಪ್ಯೂಟರೇ ಬೇಡ. ನಂಗೊಂದು ಹಸ ಕೊಡ್ಸು."

"ಹಸನಾ?"

"ಹೂಂ, ಹಸ. ಅಜ್ಜಿ ಉಯ್ಯಂಬಳ್ಳಿಯಿಂದ ಮದ್ವೆಯಾಗಿ ಬಂದಾಗ ಹಸ ಬಳುವಳಿ ಬಂದಿತ್ತಲ್ಲ. ಅದರ ಹಗ್ಗ ಅವರಪ್ಪ ಅಜ್ಜಿ ಕೈಗೆ ಕೊಟ್ಟಿದ್ದಂತೆ, ತಾತನ ಕೈಗಲ್ಲ. ಹಾಲಿನ ದುಡ್ಡು ಅಜ್ಜೀದು, ಕರ ಅಜ್ಜೀದು. ತಾತನಂಥ ತಾತ ಒಂದ್ ಕರ ಮಾರ‍್ಬೇಕು ಅಂದ್ರೆ ಅಡುಗೆಮನೆ ಬಾಗ್ಲಲ್ಲಿ ನಿಂತು ಕೇಳ್ತಿದ್ದ ಅಂತ ನೀನೇ ಹೇಳ್ತಿದ್ದೆ. ಹಸ ಆದ್ರೆ ಯಾರ‍್ದು ಅಂತ ಎಲ್ರಿಗೂ ಗೊತ್ತಾಯ್ತದೆ. ಕಂಪ್ಯೂಟರ್ ಯಾರ‍್ದು ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ನಿಂಗೂ ಗೊತ್ತಿಲ್ಲ."

ನಿಜ, ಬೈರಪ್ಪನೇ ಹಾಗೆ ಹೇಳುತ್ತಿದ್ದ, ಅದೂ ಹೆಮ್ಮೆಯಿಂದ. ಅವನವ್ವ ಹನುಮಂತಮ್ಮ ಕೇಳದವರಿಗೂ ಮಜ್ಜಿಗೆ ಕೊಡುತ್ತಿದ್ದಳು, ಕೇಳದೆ ಮುಟ್ಟಿದರೆ ಗಂಡನನ್ನೂ ಬಿಡುತ್ತಿರಲಿಲ್ಲ. ಆ ಮನೆಯಲ್ಲಿ ಬೆಳೆದ ತಾನು ಮಗಳ ವಸ್ತುವಿನ ಹಗ್ಗವನ್ನು ಇನ್ನೊಬ್ಬರ ಕೈಗೆ ಕೊಟ್ಟು ಮೀಸೆ ತಿರುವಿದ್ದೆ ಎಂದು ನಾಚಿಕೆಯಾಯಿತು. ನಾಲ್ಕು ಜನರೆದುರಿನ ನಾಚಿಕೆಯಲ್ಲ. ಮಗಳೊಬ್ಬಳ ಎದುರಿನ ನಾಚಿಕೆ, ಅದು ಹೆಚ್ಚು ಸುಡುತ್ತದೆ.

ತಿರುಗಿ ನೋಡಿದರೆ ದೀಪು ಬಾಗಿಲ ಬಳಿ ನಿಂತಿದ್ದ. ದಿವ್ಯಳಿಗೆಂದು ತಂದ ಎಳನೀರು ಕೈಯಲ್ಲಿತ್ತು. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಕಂಪ್ಯೂಟರಿನ ಯಾವ ಮಾತೂ ಮುಟ್ಟದ ಜಾಗವನ್ನು ಹಸುವಿನ ಮಾತು ಮುಟ್ಟಿತ್ತು. ಮಾಗಡಿ ಕಡೆಯ ರೈತರ ಮನೆಯ ಹುಡುಗ. ತಾಯಿಯ ಹಾಲಿನ ದುಡ್ಡನ್ನು ತಂದೆ ಮುಟ್ಟುವುದಿಲ್ಲ ಎಂಬುದನ್ನು ಯಾರೂ ಅವನಿಗೆ ಹೇಳಿಕೊಡಬೇಕಿರಲಿಲ್ಲ. ಎಳನೀರನ್ನು ಅವಳ ಮುಂದಿಟ್ಟ.

"ದಿವ್ಯ" ಎಂದ, ಮಾವನ ಕಡೆ ನೋಡದೆ. "ನಿನ್ ಕೆಲಸ ಇಲ್ದಾಗ ನಾನು ಒಸಿ ಹೊತ್ತು ಆಡ್ಬೋದಾ?"

ಬೆಳಗಿನಿಂದ ಅಂಗಡಿಯಲ್ಲಿ ನೂರು ಪ್ರಶ್ನೆ ಹುಟ್ಟಿದ್ದವು. ಅವಳನ್ನು ಕೇಳಿದ ಪ್ರಶ್ನೆ ಇದೊಂದೇ.

"ಕೇಳುದ್ರೆ ಕೊಡ್ತೀನಿ" ಎಂದಳು ದಿವ್ಯ. ಎಳನೀರು ಕುಡಿದಳು. ಆಮೇಲೆ ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಮುಜೀಬನಿಗೆ ಹೇಳಿದಳು. "ಅಣ್ಣ, ರ‍್ಯಾಮ್, ಪ್ರೊಸೆಸರ್, ಬಣ್ಣದ ಮಾನಿಟರ್ ನಾನು ಹೇಳಿದ್ದೇ ಇರ‍್ಲಿ. ಎರಡನೇ ಡ್ರೈವ್ ಈಗ ಬೇಡ. ಮುಂದಿನ ಮದುವೆ ಸೀಸನ್‌ನಲ್ಲಿ ನನ್ ದುಡಿಮೇಲಿ ನಾನೇ ಹಾಕ್ಸ್ಕತೀನಿ. ಆ ದುಡ್ನಾಗೆ ಗ್ರಾಫಿಕ್ಸ್ ಕಾರ್ಡ್ ಒಂದ್ ಮೆಟ್ಲು ಮೇಲಿಂದು ಹಾಕಿ. ಗೇಮ್ ಓಡ್ತದಲ್ಲ?"

"ಬೆಣ್ಣೆ ತರ ಇಲ್ದಿದ್ರೂ ಚೆನ್ನಾಗೇ ಓಡ್ತದಮ್ಮ."

ದೀಪುವಿನ ಮುಖ ಅರಳಿತು. ಬೈರಪ್ಪನ ತಲೆ ಮಾತ್ರ ಮತ್ತೆ ಗಿರ್ರೆಂದಿತು. ಅಳಿಯ ಕೇಳಿದ್ದು ಕಾರ್ಡು. ಮಗಳು ಒಪ್ಪದೇ ಇದ್ದದ್ದು ಕಾರ್ಡು. ಅದಕ್ಕೇ ಅಲ್ಲವೇ ಇಷ್ಟೆಲ್ಲ ರಾಮಾಯಣ?

"ಆಗ್ಲೇ ನೀನೇ ಅದುಕ್ಕೆ ಒಪ್ಲಿಲ್ವಲ್ಲವ್ವ?"

"ಆಗ ಅವರು ಹೇಳುದ್ರಪ್ಪ" ಎಂದಳು ದಿವ್ಯ. "ಈಗ ನಾನು ಹೇಳ್ತಿದ್ದೀನಿ."

ಕಾರ್ಡು ಯಾವುದು, ಡ್ರೈವು ಯಾವುದು ಎಂಬುದು ಬೈರಪ್ಪನ ತಲೆಗೆ ಇನ್ನೂ ಹತ್ತಿರಲಿಲ್ಲ. ಮುಜೀಬ್ ಇನ್ನೆರಡು ಡಬ್ಬಿ ಹಿಡಿದುಕೊಂಡು ರೂಢಿಯಂತೆ ಅವನ ಕಡೆ ತಿರುಗಿ, "ಕೂಲರ್ ಯಾವ್ದು ಹಾಕ್ಲಿ ಗೌಡ್ರೇ?" ಎಂದ. ಬೈರಪ್ಪ ಮಗಳ ಕಡೆ ಕೈ ತೋರಿಸಿದ.

"ಅವಳ್ನ ಕೇಳಿ" ಎಂದ.