ನನ್ನ ಕಾಲಿನ ಅಳತೆ

ನಮ್ಮಪ್ಪ ಸಾಬಣ್ಣನಿಗೆ ಮಗ್ಗ ಬಿಟ್ಟರೆ ಬೇರೆ ದೇವರಿರಲಿಲ್ಲ. ರಜಾಕಾರರ ಹಾವಳಿಯಲ್ಲಿ ನಾರಾಯಣಪೇಟೆ ಬಿಟ್ಟು ಓಡಿಬರುವಾಗ ಅವ್ವ ರೊಟ್ಟಿಯ ಗಂಟು ಹೊತ್ತಳು, ಅಜ್ಜಿ ತಾರವ್ವ ನನ್ನ ಕೈ ಹಿಡಿದು ಎಳೆದಳು. ಅಪ್ಪ ಮಾತ್ರ ಎಳೆ ಬಡಿಯುವ ಮಗ್ಗದ ಹಣಿಗೆಯನ್ನು ಧೋತರದಲ್ಲಿ ಸುತ್ತಿ ಎದೆಗವಚಿಕೊಂಡು ಬಂದ. ಅವನ ಮಗಳು ನಾನೋ ಆ ಹಣಿಗೆಯೋ ಎಂದು ಅವ್ವ ಎಷ್ಟೋ ವರ್ಷ ಕಾಡಿಸುತ್ತಿದ್ದಳು.

ರಬಕವಿಗೆ ಬಂದ ನಾಲ್ಕು ವರ್ಷದಲ್ಲಿ ನಮ್ಮ ಅಂಚಿನ ಸೀರೆಗೆ ಹೆಸರು ಬಂತು. ನನಗೆ ಹನ್ನೆರಡು ತುಂಬಿತು. ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವುದು, ಹರಿದ ಎಳೆ ಕೂಡಿಸುವುದು, ನೂಲಿಗೆ ಗಂಜಿ ಹಚ್ಚುವುದು ನನ್ನ ಪಾಲಿಗೆ. ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವುದು ಅಪ್ಪನಿಗೆ. ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳು ಮಗ್ಗದ ಕುಣಿಗೆ ಇಳಿಯುವಂತಿರಲಿಲ್ಲ. ಇಳಿದರೆ ಕಸುಬು ಕಲಿತು ಗಂಡನ ಮನೆಗೆ ಒಯ್ಯುತ್ತಾರಂತೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ದಿನಕ್ಕೊಮ್ಮೆಯಾದರೂ ಅನ್ನದಿದ್ದರೆ ಅಜ್ಜಿಗೆ ಉಂಡದ್ದು ಕರಗುತ್ತಿರಲಿಲ್ಲ. ನನಗೋ ಆ ಕುಣಿಯ ಮೇಲೇ ಜೀವ.

ಸೋಮವಾರ ಅಪ್ಪ ಸೀರೆ ಹೊತ್ತು ಬನಹಟ್ಟಿಗೆ ಹೋಗುತ್ತಿದ್ದ, ಅಜ್ಜಿ ಗುಡಿಗೆ. ಒಂದು ಸೋಮವಾರ ಕುಣಿಗೆ ಇಳಿದೇಬಿಟ್ಟೆ. ಅದು ಅಪ್ಪನ ಕಾಲಿನ ಅಳತೆಗೆ ತೋಡಿದ್ದು. ಕೆಳಗಿನ ತುಳಿಯುವ ಹಲಗೆ ನನ್ನ ಕಾಲಿಗೆ ಸಿಗಲಿಲ್ಲ. ಹಲಗೆಯ ಹಗ್ಗಗಳನ್ನು ಗೇಣುದ್ದ ಮೇಲಕ್ಕೆ ಬಿಗಿದೆ. ಲಾಳಿ ಓಡಿತು. ಅವ್ವ ನೋಡಿದಳು. ಮಗ್ಗದ ಸದ್ದು ಮುಚ್ಚುವ ಹಾಗೆ ನೂಲಿನ ರಾಟಿಯನ್ನು ಜೋರಾಗಿ ತಿರುಗಿಸತೊಡಗಿದಳು. ಅಪ್ಪನಿಗೆ ಗೊತ್ತಾಗದ ಹಾಗೆ ನಾಲ್ಕೇ ಬೆರಳಿನಷ್ಟು ನೇಯ್ದು, ಹಗ್ಗ ಮೊದಲಿನಂತೆ ಇಳಿಸಿ ಎದ್ದೆ. ಹೀಗೆ ಎಂಟು ಸೋಮವಾರ ನಡೆಯಿತು. ಆ ಸುಖ ಹೇಳತೀರದು.

ಒಂಬತ್ತನೆಯ ಸಲ ಅಜ್ಜಿ ಗುಡಿಯಿಂದ ಬೇಗ ಬಂದಳು. ಗಡಿಬಿಡಿಯಲ್ಲಿ ಹಗ್ಗ ಇಳಿಸುವುದನ್ನೇ ಮರೆತೆ.

ಮರುದಿನ ಬೆಳಿಗ್ಗೆ ಅಪ್ಪ ಕುಣಿಗೆ ಇಳಿದು ಹಲಗೆಯ ಮೇಲೆ ಕಾಲಿಟ್ಟ. ಮೊಣಕಾಲು ನೇಯುತ್ತಿದ್ದ ಬಟ್ಟೆಗೆ ಬಡಿಯಿತು. ಬಗ್ಗಿ ಹಗ್ಗ ನೋಡಿದ. ಆಮೇಲೆ ಹಿಂದಿನ ದಿನದ ನನ್ನ ನೇಯ್ಗೆಯನ್ನು ಹೆಬ್ಬೆರಳಿನಿಂದ ಸವರಿದ. ಕೊನೆಗೆ ನನ್ನ ಕಾಲು ನೋಡಿದ. ಇನ್ನು ಆ ಕುಣಿಯ ಹತ್ತಿರವೂ ಬಿಡುವುದಿಲ್ಲ ಎಂದು ನನಗೆ ಅಳು ಬಂತು.

ಅಜ್ಜಿಗೆ ವಿಷಯ ಹೊಳೆಯಲು ತಡವಾಗಲಿಲ್ಲ. ಅವ್ವನನ್ನೂ ಸೇರಿಸಿ ಎಲ್ಲರಿಗೂ ಮಂಗಳಾರತಿ ಮಾಡಿದಳು. ಅಪ್ಪ ಹಗ್ಗ ಬಿಚ್ಚುತ್ತಲೇ ಇದ್ದ.

“ಸಾಬಾ, ನಮ್ಮ ಕಸಬು ಬ್ಯಾರೆದವರ ಮನಿಗೆ ಹೋಗತೈತಿ,” ಅಂದಳು ಅಜ್ಜಿ.

“ಹೋಗ್ಲಿ ಬಿಡಬೇ. ನಾವೂ ಅದನ್ನ ಊರಿಂದ ಹೊತಗೊಂಡು ಬಂದವರ ಅಲ್ಲೇನು?”

ಅಜ್ಜಿ ಮೊರ ತೆಗೆದುಕೊಂಡು ಜೋಳ ಹಸನು ಮಾಡಲು ಕೂತಳು.

ಆ ವಾರವೇ ಅಪ್ಪ ತನ್ನ ಕುಣಿಯ ಪಕ್ಕ ಇನ್ನೊಂದು ತೋಡಲು ಹಿಡಿದ. ನನ್ನನ್ನು ಅಂಚಿನಲ್ಲಿ ಕೂರಿಸಿ, ಕಾಲು ಇಳಿಬಿಡಿಸಿ, ಜೋಳದ ದಂಟಿನಿಂದ ಅಳತೆ ತೆಗೆದ. ಆದರೆ ತೋಡಿದ್ದು ಮಾತ್ರ ಅಳತೆಗಿಂತ ಗೇಣು ಆಳ. ಕಾಲು ಸಿಗುವುದಿಲ್ಲವೆಂದು ನಾನು ಮುಖ ಸಣ್ಣದು ಮಾಡಿದೆ.

“ನೀ ಇನ್ನಾ ಬೆಳೀತಿ,” ಅಂದ ಅಪ್ಪ. “ಅಲ್ಲೀತನಕ ಹಗ್ಗ ಬಿಗಕೋ. ಹೆಂಗಂತ ನಿನಗ ಗೊತ್ತೈತಲ್ಲ.”