ಹಾರೈಕೆಯ ಲೋಟ ಲೆಕ್ಕಕ್ಕಿಲ್ಲವೇ?

ಮದುವೆಯಾಗಲಿ, ಮಗುವನ್ನು ತೊಟ್ಟಿಲಿಗೆ ಹಾಕುವುದಾಗಲಿ, ಮೂಕಾಷಣ್ಣ ಎದ್ದು ನಾಲ್ಕು ಒಳ್ಳೆಯ ಮಾತು ಆಡದಿದ್ದರೆ ನಮ್ಮೂರಲ್ಲಿ ಊಟಕ್ಕೆ ರುಚಿಯಿಲ್ಲ. ನಾರಿನ್ ಸೀಮೆಯ ಈ ಬೆಟ್ಟದೂರುಗಳಲ್ಲಿ ಹಾರೈಸಿದವನು ಕೈಯಲ್ಲಿರುವ ವೋಡ್ಕಾ ಲೋಟವನ್ನು ಬರಿದು ಮಾಡಲೇಬೇಕು. ತಳದಲ್ಲಿ ಉಳಿಸಿದರೆ ಮನೆಯವರ ಮುಖ ಸಣ್ಣದಾಗುತ್ತದೆ. ಮೂಕಾಷಣ್ಣ ಯಾರ ಮನಸ್ಸನ್ನೂ ನೋಯಿಸುವವನಲ್ಲ.

ಈ ವಸಂತದಲ್ಲಿ ಅವನ ಬಿಪಿ ಮಾತ್ರೆಗೂ ಬಗ್ಗಲಿಲ್ಲ. ಕುದುರೆಗಳನ್ನು ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುವ ಕಾಲ ಹತ್ತಿರ ಬಂದಿತ್ತು. ಅಲ್ಲಿ ಏನಾದರೂ ಆದರೆ ಕೆಳಗಿಳಿಸುವಷ್ಟರಲ್ಲಿ ಜೀವ ಇರುತ್ತದೋ ಇಲ್ಲವೋ. ಅವನ ಅಣ್ಣ ಹಾಗೆಯೇ ಹೋದವನು. ಹೆಂಡತಿ ಬುರುಲ್‌ಗೆ ಆ ಭಯದಲ್ಲಿ ಅನ್ನ ಸೇರದು. ಗಂಡನನ್ನು ಆರೋಗ್ಯ ಕೇಂದ್ರಕ್ಕೆ ಎಳೆದುಕೊಂಡೇ ಬಂದಳು.

ನರ್ಸ್ ಜಿಪಾರ್ ಬಿಪಿ ನೋಡಿದಳು. ಮಾತ್ರೆ, ಉಪ್ಪು, ನಿದ್ದೆ ಎಲ್ಲ ವಿಚಾರಿಸಿ, ಕುಡಿತದ ಬಗ್ಗೆಯೂ ಕೇಳಿದಳು. ಮೂಕಾಷಣ್ಣನಿಗೆ ರೇಗಿತು. ತಾನೇನು ಅಂಗಡಿ ಮುಂದೆ ಬಿದ್ದಿರುವವನೇ? ಜನ್ಮದಲ್ಲಿ ಒಂದು ಬಾಟ್ಲಿ ಕೊಂಡವನಲ್ಲ ಎಂದ.

"ಬೇಜಾರಾಗ್ಬೇಡಿ ಅಣ್ಣಾ, ಇಲ್ಲಿಗೆ ಬಂದೋರನ್ನೆಲ್ಲ ಕೇಳ್ತೀನಿ. ಕೊಂಡೋರು ಯಾರಾದ್ರೂ ಆಗ್ಲಿ, ಹೋದ ವಾರದ ಮದುವೇಲಿ ಎಷ್ಟು ಲೋಟ ಆಯ್ತು?"

"ಅದು ಕುಡಿತ ಅಲ್ಲಮ್ಮ, ಹಾರೈಕೆ."

"ಹಾರೈಕೆ ಬಾಯಿಂದ ಹೊರಗೆ ಹೋಯ್ತು. ಹೊಟ್ಟೆಗೆ ಇಳಿದಿದ್ದೇನು?"

ಅವನು ಬೆರಳು ಮಡಿಸತೊಡಗಿದ. ಒಂದು ಕೈಯ ಬೆರಳುಗಳು ಮುಗಿದು ಇನ್ನೊಂದು ಕೈಗೆ ಬಂದಾಗ ತಾನೇ ನಿಲ್ಲಿಸಿಬಿಟ್ಟ. ತಿಂಗಳಿಗೆ ಇಂಥ ಊಟ ಎಷ್ಟು, ಮರುದಿನ ಹಿಂದಿನ ದಿನದ್ದು ಮರೆತುಹೋಗುತ್ತದಾ, ಬೆಳಿಗ್ಗೆ ಕೈ ನಡುಗುತ್ತದಾ ಎಂದು ಜಿಪಾರ್ ಕೇಳಿದಳು. ಕಡಿಮೆ ಮಾಡು ಎಂದು ಮನೆಯಲ್ಲಿ ಯಾರಾದರೂ ಹೇಳಿದ್ದಾರಾ ಎಂದಾಗ ಬುರುಲ್ ತಲೆ ತಗ್ಗಿಸಿದಳು.

ಇಷ್ಟು ಕುಡಿದರೆ ಬಿಪಿ ಏರುತ್ತದೆ, ಮಾತ್ರೆಯೊಂದೇ ಸಾಲದು ಎಂದು ಜಿಪಾರ್ ಬಿಡಿಸಿ ಹೇಳಿದಳು. ಕೈ ನಡುಕ ಇಲ್ಲದ್ದರಿಂದ ಅವನು ಈಗಲೇ ಬಿಡಬಹುದು. ನಡುಕ ಇರುವವರು ಡಾಕ್ಟರನ್ನು ಕೇಳದೆ ಒಮ್ಮೆಲೇ ಬಿಡಬಾರದು, ಅದೂ ಅಪಾಯ. ಬಿಪಿ ಇಳಿಯುವವರೆಗೆ ಅವನು ಬೆಟ್ಟ ಹತ್ತುವಂತಿಲ್ಲ.

"ಲೋಟ ಎತ್ತದೆ ಹಾರೈಸೋದು ಹ್ಯಾಗೆ? ನನ್ನ ಮರ್ಯಾದೆ ಏನಾಗ್ಬೇಕು?" ಎಂದ ಮೂಕಾಷಣ್ಣ.

ಬುರುಲ್ ಆಗ ಬಾಯಿಬಿಟ್ಟಳು. "ನಮ್ಮ ಮದುವೇಲಿ ನಿಮ್ಮಪ್ಪ ಎರಡೂ ಅಂಗೈ ಬಿಚ್ಚಿ ಹರಸಿದ್ರು. ಕೈಯಲ್ಲಿ ಲೋಟ ಇದ್ರೆ ಅಂಗೈ ಹ್ಯಾಗೆ ಬಿಚ್ತೀರಾ? ನೀವೇ ಹೋಗ್ಬಿಟ್ರೆ ನಂಗೆ ಯಾವ ಮರ್ಯಾದೆ ಬೇಕು?"

ಮುಂದಿನ ಊಟ ನಮ್ಮ ಮನೆಯದೇ. ಯಾರೋ ಅವನ ಲೋಟ ತುಂಬಿದರು. ಮುಲ್ಲಾ ಆಗಿಬಿಟ್ಟೆಯಾ ಎಂದು ಕಿಚಾಯಿಸಿದರು. ಅವನು ಲೋಟ ಬದಿಗಿಟ್ಟು ಅಂಗೈ ಬಿಚ್ಚಿದ. ಹಿರಿಯನೊಬ್ಬ ಅಂಗೈ ಬಿಚ್ಚಿದ ಮೇಲೆ ಕೂತವರೂ ಬಿಚ್ಚಬೇಕು, ಅದು ನಮ್ಮ ರೀತಿ. ಒಬ್ಬೊಬ್ಬರಾಗಿ ಎಲ್ಲರ ಲೋಟಗಳೂ ಕೆಳಗಿಳಿದವು. ನಾನೂ ಇಳಿಸಿದೆ. ಅಷ್ಟು ಚೆನ್ನಾಗಿ ಅವನು ಹಿಂದೆಂದೂ ಹರಸಿರಲಿಲ್ಲ.

ಕುದುರೆಗಳು ಈ ವರ್ಷ ಅವನ ಬಿಪಿ ಇಳಿದ ಮೇಲೆ ತಡವಾಗಿ ಬೆಟ್ಟ ಹತ್ತಿದವು. ಗಂಡ ಹೆಂಡತಿ ಜೊತೆಯಲ್ಲೇ ಹೋದರು.

ನಿಮ್ಮೂರ ಆರೋಗ್ಯ ಕೇಂದ್ರದಲ್ಲೂ ಕುಡಿತದ ಬಗ್ಗೆ ಕೇಳಿದರೆ ಸಿಟ್ಟಾಗಬೇಡಿ. ಹಬ್ಬದ್ದು, ಯಾರೋ ಕೊಡಿಸಿದ್ದು, ಮನೆಯಲ್ಲೇ ಭಟ್ಟಿ ಇಳಿಸಿದ್ದು, ಎಲ್ಲವನ್ನೂ ಸೇರಿಸಿ ಹೇಳಿ. ಕೇಳದಿದ್ದರೆ ನೀವೇ ಹೇಳಿ. ಪಕ್ಕದಲ್ಲಿ ಕೂತ ನಿಮ್ಮವರಿಗೆ ಉತ್ತರ ಮೊದಲೇ ಗೊತ್ತು. ಅದು ನಿಮ್ಮ ಬಾಯಿಂದ ಬರಲಿ ಎಂದು ಕಾಯುತ್ತಿದ್ದಾರೆ.